ವಡಾಲದ ಹೂತ ಹೊಳೆ

"ಇಡೀ ಮುಂಬಯಿ ಬಂಗಾರದ ಮ್ಯಾಲೆ ನಿಂತೈತಿ," ಎಂದ ಗದಿಗೆಪ್ಪ. "ಅದಕ್ಕ ಲೋಕಲ್ ಗಾಡಿ ಹೋದ್ರ ಇಲ್ಲಿ ನೆಲ ಝಣ್ ಅಂತೈತಿ."

ಹಾರ್ಬರ್ ಲೈನಿನ ಗಾಡಿ ಆಗಷ್ಟೇ ಹೋಗಿತ್ತು. ಎಲ್ಲರಿಗೂ ಧಡ್ ಎಂದೇ ಕೇಳಿಸಿತ್ತು. ಗದಿಗೆಪ್ಪನ ಕಿವಿಯ ಮಾತೇ ಬೇರೆ. ಅದಕ್ಕೆ ಬೈಕುಲ್ಲಾದಲ್ಲಿ ಬೆಕ್ಕು ಆಕಳಿಸಿದ್ದೂ ವಡಾಲದಲ್ಲಿ ಕೇಳಿಸುತ್ತಿತ್ತು.

ಎಪ್ಪತ್ತೊಂದನೇ ಇಸವಿ. ಹೊಸ ಬಿಲ್ಡಿಂಗಿನ ಪಾಯ ಅಗೆಯುವಾಗ ಎರಡಾಳು ಆಳದಲ್ಲಿ ನುಣುಪಾದ ಗುಂಡುಕಲ್ಲು ಸಿಕ್ಕಿದ್ದವು. ಗುಂಡುಕಲ್ಲೆಂದರೆ ಹಿಂದೊಮ್ಮೆ ಅಲ್ಲಿ ಹೊಳೆ ಹರಿದಿರಬೇಕು. ಗದಗದ ಕಡೆ ಹಳ್ಳದ ಮರಳು ತೊಳೆದು ಬಂಗಾರ ತೆಗೆಯುತ್ತಿದ್ದ ಮನೆತನ ಅವನದು. ಅಜ್ಜ ಮರಳು ತೊಳೆಯುತ್ತಿದ್ದ ಕಟ್ಟಿಗೆಯ ಮರಿಗೆಯನ್ನು ಮುಂಬಯಿಗೂ ಹೊತ್ತು ತಂದಿದ್ದ. ಆ ಮರಿಗೆಯಲ್ಲಿ ಅಜ್ಜನಿಗೆ ಎಮ್ಮೆತಲೆಯಷ್ಟು ಬಂಗಾರ ಬಂದಿತ್ತಂತೆ. ಹೊರಲಾರದೆ ಹಳ್ಳಕ್ಕೇ ಬಿಟ್ಟು ಬಂದನಂತೆ.

ಹೆಂಡತಿ ಭಾಗವ್ವನ ಕಣ್ಣೂ ಅದೇ ಮರಿಗೆಯ ಮೇಲೆ. ಅವಳ ತಗಡಿನ ಪರಾತ ಹಿಟ್ಟು ನಾದುವಾಗ ಕುಣಿಯುತ್ತಿತ್ತು.

"ಸೋಮವಾರ ಕಾಂಕ್ರೀಟ್ ಸುರೀತಾರ," ಎಂದಿದ್ದಳು. "ಐತವಾರದೊಳಗ ಬಂಗಾರ ತೋರಸ್ರಿ. ಇಲ್ಲಂದ್ರ ಅದು ನನ್ನ ಹಿಟ್ಟಿನ ಮರಿಗಿ."

ಮರಿಗೆ ಹೋದರೆ ಎಮ್ಮೆತಲೆಗೆ ಸಾಕ್ಷಿ ಎಲ್ಲಿಂದ ತರುವುದು? ಗದಿಗೆಪ್ಪನಿಗೆ ಎರಡು ದಿನ ಚಹಾ ಸೇರಲಿಲ್ಲ.

ಐತವಾರ ಬೆಳಿಗ್ಗೆ ರುಮಾಲನ್ನು ಕಿವಿಯ ಮೇಲೆಳೆದುಕೊಂಡು ಪಾಯದ ಮಣ್ಣನ್ನು ಮರಿಗೆಗೆ ತುಂಬಿ ನೀರಿನ ಡ್ರಮ್ಮಿನ ಪಕ್ಕ ತೊಳೆಯಲು ಕೂತ. ಮೂಲೆಯ ಚಹಾದಂಗಡಿಯ ಉಡುಪಿಯ ರಮಾನಾಥ ಕೆಟಲಿನೊಂದಿಗೇ ಬಂದು ನಿಂತ. ತೊಳೆಯುವಾಗ ಬಂಗಾರದ ಹೆಸರೆತ್ತಬಾರದು, 'ಆಕಿ' ಎನ್ನಬೇಕು. ಹೆಸರು ಕೇಳಿದರೆ ಆಕೆ ಓಡಿಹೋಗುತ್ತಾಳೆ. ಆ ಮನೆತನದ ಕಟ್ಟಳೆ ಅದು.

"ಎಂಥ ಮಾರಾಯ, ಬರೀ ಕೆಸರು," ಎಂದ ರಮಾನಾಥ.

"ತಡೀರಿ. ಬಂಗಾರಕ್ಕ ಅವಸರ ಮಾಡಿದ್ರ ನಡೀತೈತೇನು? ಬಂಗಾರ ಅದು."

ಪಕ್ಕದಲ್ಲೇ ಕೂತಿದ್ದ ಭಾಗವ್ವ ತಟ್ಟನೆ ತಲೆಯೆತ್ತಿ ನೋಡಿದಳು. ಅಷ್ಟರಲ್ಲಿ ಕರಿಮರಳಿನಲ್ಲಿ ಹಳದಿ ಮಿಂಚು.

"ಓ ದೇವರೆ, ಉಂಟಲ್ಲ," ಎಂದ ರಮಾನಾಥ. "ನನ್ನ ಅಂಗಡಿ ಅಡಿಯಲ್ಲೂ ಅಗೆಯುವುದಾ?"

"ಅಲ್ಲಿ ಇನ್ನೂ ದಪ್ಪ ಐತಿ. ನಿಮ್ಮ ಚಹಾಕ್ಕ ರುಚಿ ಎಲ್ಲಿಂದ ಬಂತಂತ ಮಾಡೀರಿ?"

ಭಾಗವ್ವ ಒದ್ದೆ ಬೆರಳಿಗೆ ಒಂದು ಕಣ ಅಂಟಿಸಿ ಬಿಸಿಲಿಗೆ ಹಿಡಿದಳು. ಅವಳ ತವರೂ ಮರಳು ತೊಳೆಯುವವರದೇ.

"ಹೊಳ್ಯಾಗ ಉರುಳಿದ್ದು ಸವದು ಚಪ್ಪಟಿ ಇರತೈತಿ. ಇದು ಮುಳ್ಳುಮುಳ್ಳು ಐತಿ. ಹೊಳ್ಯಾಗ ಅರ ಹಿಡಕೊಂಡು ಯಾರು ಕುಂತಿದ್ರು?"

"ಆಗಿನ ಹೊಳಿ ಭಾಳ ಒರಟ..."

"ಎರಡು ಸರ್ತಿ ಹೆಸರು ಎತ್ತಿದ್ರಿ. ಬರ್ತಾಳಂತ ನಂಬಿದಾಂವ ಎತ್ತತಿದ್ದಿಲ್ಲ. ರುಮಾಲ ತಗೀರಿ."

ತೆಗೆದ. ಎಡಗಿವಿಯ ಬಂಗಾರದ ಒಂಟಿ ಒಂದು ಕಡೆ ಸವೆದು ನೂಲಿನೆಳೆಯಾಗಿತ್ತು.

"ನಾನ ಅರದು ಹಾಕೀನಿ," ಎಂದ ಗದಿಗೆಪ್ಪ. "ಅಜ್ಜಗ ಎಮ್ಮೆತಲಿ ಸಿಕ್ಕಿದ್ದಿಲ್ಲ. ಮಳಿಗಾಲಪೂರ್ತಿ ತೊಳದ್ರ ಸಾಸಿವಿಕಾಳಷ್ಟು. ನನಗಂತೂ ಇದರಾಗ ಏನೂ ಬಂದಿಲ್ಲ. ಒಯ್ಯಿ."

ಭಾಗವ್ವ ಬಂಗಾರದ ಪುಡಿಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು, ಮರಿಗೆಯನ್ನು ಕಂಕುಳಿಗೇರಿಸಿದಳು. "ಬಿಸಿ ರೊಟ್ಟಿಗೆ ಇಬ್ಬರೂ ಬರ್ರಿ. ಸುಳ್ಳು ಹೇಳಾಕ ನಿಮಗ ಮರಿಗಿ ಯಾಕ ಬೇಕು?"

ಗದಿಗೆಪ್ಪನ ಮುಖ ಅರಳಿತು. ಅದು ಅವನಿಗೆ ಹೊಳೆದೇ ಇರಲಿಲ್ಲ.

"ಹಾಗಾದರೆ ನನ್ನ ಅಂಗಡಿ ಅಡಿಯಲ್ಲಿ?" ರಮಾನಾಥ ಮೆಲ್ಲಗೆ ಕೇಳಿದ.

"ಅಲ್ಲೂ ಇಲ್ಲ, ರಮಾನಾಥಣ್ಣ." ಹಾರ್ಬರ್ ಲೈನಿನ ಗಾಡಿ ಮತ್ತೆ ಹಾದುಹೋಯಿತು. ಅದು ಹೋಗುವ ತನಕ ಕಾದು ಗದಿಗೆಪ್ಪ ಹೇಳಿದ, "ನನಗೂ ಧಡ್ ಅಂತನ ಕೇಳಸತೈತಿ."