ಒಂದೇ ಕೂಗಿನ ಹಾಡು

ಕುರ್ಚಿ ನಡುಗಿತು, ಕಬ್ಬಿನ ಟ್ರ್ಯಾಕ್ಟರು ಹೋಯಿತೇನೋ ಎಂದು ಕಿಟಕಿಯಾಚೆ ನೋಡಿದೆ, ರಸ್ತೆ ಖಾಲಿ, ಮಂಡ್ಯದ ಬಿಸಿಲು ಬಿಟ್ಟರೆ ಯಾರೂ ಇಲ್ಲ, ನಡುಗಿಸಿದ್ದು ಪುನೀತ ಸುತ್ತಲೂ ಇಟ್ಟ ಸ್ಪೀಕರುಗಳು, ಸದ್ದು ಹಿಮ್ಮಡಿಯಿಂದ ಹತ್ತಿ ಹೊಟ್ಟೆಯಲ್ಲಿ ಕೂರುತ್ತದೆ, ಇದು ನನ್ನ ಗಂಡನ ಹಾಡಂತೆ — ಗಿಟಾರು ಹಿಡಿದ ಕಾಲೇಜು ಹುಡುಗರೆಲ್ಲ ಮೊದಲು ಕಲಿಯುತ್ತಿದ್ದ ಶಿವರಾಮುವಿನ ಕೆರೆ ಏರಿ ಹಾಡು, ಈಗ ಅದರಲ್ಲಿ ಮಾತೇ ಇಲ್ಲ, ಇದು ರೆಗೆ ಅಂತ ಫಾರಿನ್ ತಾಳ, ಇಂಗ್ ಮಾಡೋದ್ಕೆ ಡಬ್ ಅಂತಾರೆ ಕಣಕ್ಕ, ಅಣ್ಣನ್ ದನಿ ತಗ್ದ್‌ಬುಟ್ಟು ಬರೀ ಬೇಸು ಡ್ರಮ್ಮು ಮಡಗೋದು, ಅಲ್ಲಲ್ಲಿ ಅವರ ಮಾತಿನ ಬಾಲ ಎಕೋಲಿ ಬತ್ತದೆ ಎನ್ನುತ್ತಾನೆ ಪುನೀತ, ಪಾಪ, ಅವರ ತಂಡದಲ್ಲಿ ಹದಿನೈದು ವರ್ಷ ಡ್ರಮ್ಸ್ ಬಾರಿಸಿದವನು, ಪ್ರೀತಿಯಿಂದಲೇ ಮಾಡಿದ್ದಾನೆ, ಐದು ಹಾಡು ಕೇಳಿ ಹೂಂ ಎಂದೆ, ಈಗ ಆರನೆಯದು ಶುರುವಾಯಿತು, ಪಕ್ಕದಲ್ಲಿ ನಮ್ಮತ್ತೆ ಶಿವನಂಜಮ್ಮ, ನನ್ ಮಗ ಎಲ್ಲವ್ವ ಇದ್ರಲ್ಲಿ ಎಂದು ಸ್ಪೀಕರನ್ನೇ ನೋಡುತ್ತಾರೆ, ಬತ್ತಾರೆ ಇರಜ್ಜಿ, ಇದು ಅವರು ಕೊನೇಲಿ ಮನೇಲೆ ಆಡ್ಕಂಡಿದ್ದು, ರೆಕಾರ್ಡರಲ್ಲಿತ್ತು, ಇಂದ್ಗಡೆ ಒಂದು ಸರ್ ಸರ್ ಅಂತದೆ, ಯಾವ ವಾದ್ಯವೋ ಕಾಣೆ, ತಾಳಕ್ಕೆ ಎಂಗ್ ಕೂತ್ಕತು ನೋಡಕ್ಕ — ಸರ್, ಸರ್, ಸರ್ — ವಾದ್ಯವಲ್ಲ, ಮೊರ, ನನ್ನ ಮೊರ.

ಅಂದು ವೈದ್ಯನಾಥಪುರದ ಮನೆ, ಮಟಮಟ ಮಧ್ಯಾಹ್ನ, ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದೇನೆ, ಒಳಕೋಣೆಯಲ್ಲಿ ಅವರೊಬ್ಬರೇ ಹಾಡುತ್ತಿದ್ದಾರೆ, ಹಾಡು ಅರ್ಧಕ್ಕೆ ನಿಲ್ಲುತ್ತದೆ, ಕುಸುಮಾ ಎಂದು ನನ್ನ ಹೆಸರು, ಒಂದೇ ಸಲ, ಮೊರ ಹಾಗೇ ನಿಂತಿತು, ನಮ್ಮವ್ವ ಹೇಳಿಕೊಟ್ಟದ್ದು, ಮಧ್ಯಾನದೊತ್ತು ಯಾರ್ ದನೀಲಿ ಕೂಗಿದ್ರೂ ಮೊದಲ್ನೇ ಕೂಗಿಗೆ ಓಗೊಡ್ಬ್ಯಾಡ ಕಣವ್ವ, ದೆವ್ವಕ್ಕೆ ಒಂದೇ ಕೂಗು, ಮನುಸ್ರಾದ್ರೆ ಮೂರ್ ಸಲ ಕೂಗ್ತಾರೆ, ಕಾದೆ, ಎರಡನೆಯದು ಬರಲಿಲ್ಲ, ಸದ್ಯ ಓಗೊಡಲಿಲ್ಲವಲ್ಲ ಎಂದು ನನ್ನ ಜಾಣತನಕ್ಕೆ ನಾನೇ ನಕ್ಕೆ, ಥೂ, ನಕ್ಕೆನಲ್ಲ, ಉಳಿದ ಅಕ್ಕಿಯನ್ನೆಲ್ಲ ಕೇರಿದೆ, ಕಲ್ಲು ಆರಿಸಿದೆ, ಕಾಫಿ ಹಿಡಿದು ಹೋದರೆ ಅವರು ಗಿಟಾರಿನ ಮೇಲೆ ಬಗ್ಗಿದ್ದರು, ಕೈ ತಣ್ಣಗೆ, ರೆಕಾರ್ಡರಿನ ಕೆಂಪು ದೀಪ ಮಾತ್ರ ಉರಿಯುತ್ತಿತ್ತು, ಎದೆ ನೋವು ಬಂದ ತಕ್ಷಣ ತಂದಿದ್ದರೆ ಎಂದರು ಡಾಕ್ಟರು, ನಿನ್ನ ಕೂಗ್ನಿಲ್ವೇನವ್ವ ಅವ್ನು, ಅತ್ತೆ ಕೇಳಿದ್ದು ಅದೊಂದೇ, ಇಲ್ಲ ಕಣತ್ತೆ, ಕೂಗ್ನೇ ಇಲ್ಲ, ನಾಲ್ಕು ವರ್ಷದಿಂದ ಇದೇ ಸುಳ್ಳಿನ ಜೊತೆ ಒಂದೇ ಮನೆಯಲ್ಲಿ ಇಬ್ಬರೂ ಉಣ್ಣುತ್ತಿದ್ದೇವೆ, ನನಗೆ ಭಯ, ಆಗಲೂ ಭಯ, ಈಗಲೂ — ಸರ್, ಸರ್ — ಡ್ರಮ್ಮು ಹೋಯಿತು, ಬೇಸು ಹೋಯಿತು, ಮೊರ ಒಂದೇ ಉಳಿಯಿತು, ನಿಲ್ಲಿಸು ಪುನೀತ ಎನ್ನಬೇಕು, ಅಷ್ಟರಲ್ಲಿ ಕುಸುಮಾ, ಅವರೇ, ಮೊರ ನಿಂತಿತು, ಕುಸುಮಾ, ಎಡಗಡೆಯ ಸ್ಪೀಕರಿನಿಂದ, ಪುನೀತನ ಎಕೋ, ಎರಡನೆಯದು, ಅಂದು ನಾನು ಕಾದದ್ದು, ಕುಸುಮಾ, ಬೆನ್ನ ಹಿಂದಿನಿಂದ, ಮೂರು, ಮೂರು ಸಲ ಕೂಗಿದವರು ಮನುಷ್ಯರೇ, ಈಗ ಓಗೊಡಬೇಕು, ಅತ್ತೆಯ ಕೈ ನನ್ನ ಮಣಿಕಟ್ಟು ಹಿಡಿಯಿತು, ಅದು ನಿನ್ ಮೊರ ಅಲ್ವೇನವ್ವ, ಅವ್ನು ಕೂಗ್ತಿದ್ದಂಗೇ ಯಾಕ್ ನಿಂತೋಯ್ತು, ಬಾಯಿ ತೆರೆದೆ, ಯಾರಿಗೆ ಮೊದಲು ಓಗೊಡಲಿ, ಮತ್ತೆ ಅದೇ ಜಗಲಿ, ಮೊರ ಕೈಯಲ್ಲಿ, ಅಕ್ಕಿ ಮೇಲಕ್ಕೆ ಹಾರಿದೆ, ಬೆಳ್ಳಗೆ, ಕಾಳುಕಾಳಾಗಿ, ಇನ್ನೂ ಕೆಳಗೆ ಬಿದ್ದಿಲ್ಲ, ಬೀಳುತ್ತಿಲ್ಲ