ಕಟ್ಟೆಯ ಆ ಮೂಲೆ

ಗೇಟಿನ ಚಿಲಕ ಸಪ್ಪಳವಾದಾಗ ನಾಗವೇಣಿ ಮಗಳಿಗೆ ಗಂಜಿ ಆರಿಸುತ್ತಿದ್ದಳು. ಆರು ವರ್ಷದ ಪ್ರಜ್ಞಾಗೆ ರಕ್ತದ ಕ್ಯಾನ್ಸರ್. ಹೈದರಾಬಾದಿನಲ್ಲಿ ಔಷಧಿ ಏರಿಸಿಕೊಂಡು ರಾಯಚೂರಿನ ಈ ಬಾಡಿಗೆ ಮನೆಗೆ ಮರಳಿ ಇನ್ನೂ ವಾರವಾಗಿರಲಿಲ್ಲ. "ಕೆಟ್ಟ ಕಣಗಳ ಜೊತೆ ಕಾವಲಿನ ಕಣಗಳೂ ಸತ್ತಿವೆ. ಆಕೆಯ ಮೈಗೆ ಈಗ ಬಾಗಿಲೇ ಇಲ್ಲ ಅಂತ ತಿಳಿಯಿರಿ," ಎಂದಿದ್ದರು ಡಾಕ್ಟರು. ಅಂದಿನಿಂದ ನಾಗವೇಣಿ ತಾನೇ ಬಾಗಿಲಾಗಿ ನಿಂತಿದ್ದಳು.

ಬಂದವಳು ಅವಳ ಅವ್ವ ಯಮನಮ್ಮ. ಕಲ್ಲೂರಿನಿಂದ ಬಸ್ಸು ಹಿಡಿದು ಬಂದಿದ್ದಳು, ಕಂಕುಳಲ್ಲಿ ಬುತ್ತಿಗಂಟು.

"ಎಲ್ಲದಾಳ ನನ್ನ ಗಿಣಿ? ಕೂದಲಾ ಉದುರ್ಯಾವಂತ. ಇರಲಿ ಬಿಡು, ನಿನಗ ಹೇನು ನೋಡಾ ಕೆಲಸ ತಪ್ಪಿತು!"

ನಗುತ್ತ ಮೆಟ್ಟಿಲಿಗೆ ಕಾಲಿಟ್ಟಾಗ ಸೆರಗು ಜಾರಿತು. ಕುತ್ತಿಗೆಯಿಂದ ಭುಜದವರೆಗೆ ಕೆಮ್ಮಣ್ಣಿನ ಪಟ್ಟಿ. ಒಣಗಿ ಬಿರಿದ ಮಣ್ಣಿನ ನಡುವೆ ನೀರು ತುಂಬಿದ ಗುಳ್ಳೆಗಳು.

"ಯವ್ವಾ, ಅಲ್ಲೇ ನಿಂದ್ರು!"

"ಯಾಕಬೇ? ಇದಕ್ಕೇನು? ಸರ್ಪಸುತ್ತು. ಎಲ್ಲೋ ಹುತ್ತ ತುಳದೀನಿ. ಊರಾಗ ಮದ್ದು ಮಾಡೋ ಬೂದೆಮ್ಮ ಮಣ್ಣು ಹಚ್ಯಾಳ, ನಾಗಪ್ಪಗ ಹಾಲೂ ಎರದೀನಿ. ಅಂಟೋದಲ್ಲ ಇದು."

ಹುತ್ತವೂ ಅಲ್ಲ, ಹಾವೂ ಅಲ್ಲ ಎಂಬುದು ನಾಗವೇಣಿಗೆ ಗೊತ್ತಿತ್ತು. ಅವ್ವನಿಗೆ ಸಣ್ಣಂದಿನಲ್ಲಿ ಎದ್ದಿದ್ದ ಅಮ್ಮ, ಆ ಸೀತಾಳೆ ಸಿಡುಬು, ನರದಲ್ಲಿ ಇಷ್ಟು ವರ್ಷ ಮಲಗಿದ್ದು, ಮುಪ್ಪಿಗೆ ಮೈ ಸೋತಾಗ ಎಚ್ಚೆತ್ತಿತ್ತು. ಪ್ರಜ್ಞಾಗೆ ಒಮ್ಮೆಯೂ ಅಮ್ಮ ಎದ್ದಿರಲಿಲ್ಲ. ಮೆತ್ತನೆಯ ಮಾತು ಹುಡುಕಿದಳು, ಸಿಗಲಿಲ್ಲ.

"ಯವ್ವಾ, ಅದು ಕೂಸಿಗಿ ಅಂಟಿದ್ರ ಕೂಸು ಉಳಿಯಂಗಿಲ್ಲ."

ಮೆಟ್ಟಿಲ ಮೇಲಿದ್ದ ಕಾಲು ಕೆಳಗಿಳಿಯಿತು. ಯಮನಮ್ಮ ಬುತ್ತಿಗಂಟನ್ನು ದೂರದಿಂದಲೇ ಮೆಟ್ಟಿಲ ಮೇಲಿಟ್ಟು, ಹಿಂದೆ ಸರಿದು, ಗೇಟಿನ ಬಳಿಯ ಕಟ್ಟೆಯ ಮೂಲೆಯಲ್ಲಿ ಸೀರೆ ಮುದುಡಿಕೊಂಡು ಕುಳಿತಳು. ಆ ಕೂರುವಿಕೆಯನ್ನು ನಾಗವೇಣಿ ಬಲ್ಲಳು. ಊರ ಗೌಡರ ಅಂಗಳದಲ್ಲಿ ಅವ್ವ ಹಾಗೆಯೇ ಕೂರುತ್ತಿದ್ದಳು. ಎದ್ದು ಹೋದ ಮೇಲೆ ಗೌಡಸಾನಿ ಆ ಜಾಗಕ್ಕೆ ಸಗಣಿನೀರು ಚಿಮುಕಿಸುತ್ತಿದ್ದಳು.

"ಬಿಸಲಾಗ ಬಂದೀನಿ, ನೀರು ಕೊಡು."

ನಾಗವೇಣಿ ಚೊಂಬು, ಲೋಟ ತಂದಳು. ಲೋಟವನ್ನು ಎಲ್ಲಿಡಲಿ ಎಂದು ರೆಪ್ಪೆ ಬಡಿಯುವಷ್ಟು ಹೊತ್ತು ಅನುಮಾನಿಸಿದಳು, ಅಷ್ಟೇ. ಅಷ್ಟರಲ್ಲಿ ಅವ್ವ ತಲೆ ತಗ್ಗಿಸಿ ಬೊಗಸೆ ಒಡ್ಡಿಯಾಗಿತ್ತು.

"ಮ್ಯಾಲಿಂದ ಹಾಕು. ತಾಗಬಾರ್ದಲ್ಲ."

"ಹಂಗ ಕುಡೀಬ್ಯಾಡಬೇ. ಲೋಟ ತಗೋ."

"ತಗೊಂಡ್ರ ಮತ್ತ ನೀನೇ ತಿಕ್ಕಬೇಕು. ಹಾಕು, ಗಂಟಲಾ ಒಣಗ್ಯಾದ."

ಗೌಡರ ಅಂಗಳದಲ್ಲಿ ಇದೇ ಬೊಗಸೆಯನ್ನು ಕಂಡು, "ನಮ್ಮವ್ವಗ ಲೋಟ ಕೊಡ್ರಿ," ಎಂದು ಕಿರುಚಿ ಅವ್ವನಿಂದಲೇ ಏಟು ತಿಂದ ಹುಡುಗಿ ಇವಳು. ಈಗ ಅವಳೇ ಚೊಂಬು ಬಾಗಿಸಿದಳು. ನೀರು ಅವ್ವನ ಮೊಣಕೈವರೆಗೆ ಇಳಿದು ತೊಟ್ಟಿಕ್ಕಿತು.

ಮುಚ್ಚಿದ ಕಿಟಕಿಯ ಗಾಜಿಗೆ ಬೋಳುತಲೆಯೊಂದು ಅಂಟಿಕೊಂಡಿತು. "ಅಜ್ಜೀ, ಹೊರಗ ಯಾಕ ಕುಂತಿ?"

"ನಿಮ್ಮವ್ವ ಪೊಲೀಸ್ ಆಗ್ಯಾಳವ್ವ, ನನ್ನ ಹಿಡದು ಕುಂದರ್ಸ್ಯಾಳ!"

ಮಗು ಕಿಲಕಿಲ ನಕ್ಕಿತು. ಆ ನಗು ಮುಗಿಯುವತನಕ ನೋಡಿ, ಯಮನಮ್ಮ ಕಟ್ಟೆಗೆ ಕೈಯೂರಿ ಎದ್ದಳು. "ಊರಿಗಿ ಹೋಗೋ ಮಾನ್ವಿ ಬಸ್ಸಿಗಿ ಹೊತ್ತಾತು," ಎಂದು ಹೊರಟುಬಿಟ್ಟಳು.

ಅವಳು ಓಣಿಯ ತಿರುವು ದಾಟಲೆಂದು ನಾಗವೇಣಿ ಕಾದಳು. ಆಮೇಲೆ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರು ತಂದು, ಉಸಿರು ಬಿಗಿಹಿಡಿದು ಕಟ್ಟೆಗೆ ಸುರಿದು ಉಜ್ಜತೊಡಗಿದಳು.

ಚಿಲಕ ಮತ್ತೆ ಸಪ್ಪಳವಾಯಿತು.

"ಎಲಿಅಡಿಕಿ ಸಂಚಿ ಬಿಟ್ಟು..." ಯಮನಮ್ಮ ಗೇಟಿನಲ್ಲೇ ನಿಂತಳು. ಬಕೆಟ್ಟು ನೋಡಿದಳು, ಪೊರಕೆ ನೋಡಿದಳು.

"ಯವ್ವಾ, ಇದು... ಅವರು ಮಾಡತಿದ್ರಲ್ಲ, ಹಂಗಲ್ಲಬೇ..."

"ಗೊತ್ತದ." ಯಮನಮ್ಮ ಸಂಚಿ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಹೊರಟವಳು ಗೇಟಿನಲ್ಲಿ ತಿರುಗಿ, ನೀರು ಬೀಳದೆ ಇನ್ನೂ ಒಣಗೇ ಇದ್ದ ಜಾಗಕ್ಕೆ ಬೆರಳು ತೋರಿದಳು.

"ಆ ಮೂಲಿಗೂ ಹಾಕವ್ವ. ಏಳಾಗ ಅಲ್ಲಿ ಕೈ ಊರಿದ್ದೆ."