ಟಿಕ್ ಎನ್ನದ ಬೇಲಿ

ಸಿಳ್ಳು, ಮೇಲಿನಿಂದ ಕೆಳಕ್ಕೆ ಜಾರುವ ಸಿಳ್ಳು, ಹೆಡ್‌ಫೋನಿನೊಳಗೆ ಮತ್ತೊಂದು, ಹಕ್ಕಿಯಲ್ಲ, ಸಂಪಾಜೆ ಘಾಟಿಯ ಮೇಲೆ ಬಡಿದ ಮಿಂಚು — ಅದರ ಅಲೆ ಆಕಾಶಕ್ಕೇರಿ, ಭೂಮಿಯ ಕಾಂತಕ್ಷೇತ್ರ ಹಿಡಿದಿಟ್ಟ ಪ್ಲಾಸ್ಮಾದೊಳಗೆ ಹಾದು, ಕೀಚು ದನಿ ಮೊದಲು ತಲುಪಿ ದಪ್ಪ ದನಿ ಹಿಂದುಳಿದು, ಉಪಗ್ರಹಕ್ಕೆ ಹೀಗೆ ಸಿಳ್ಳಾಗಿ ಸಿಗುತ್ತದೆ, ಅದೇ ಮಿಂಚನ್ನು ನೆಲದಿಂದಲೂ ಕೇಳಬೇಕಿತ್ತು, ಅದಕ್ಕೇ ನಮ್ಮ ತೋಟದಂಚಿನಲ್ಲಿ, ಆನೆ ಬೇಲಿಯ ಪಕ್ಕ, ನನ್ನದೊಂದು ಆಂಟೆನಾ, ಅಣ್ಣ ನಕ್ಕಿದ್ದ, ಆಕಾಶದ ಚಾಡಿ ಕೇಳೋಕೆ ಇಷ್ಟುದ್ದ ತಂತಿ ಬೇಕೇನೇ ಶಾಂಭವಿ — ಅದು ರೆಕಾರ್ಡ್ ಮಾಡಿದ ನೆಲದ ಫೈಲಿನಲ್ಲಿ ಬೇಲಿಯೂ ಕೇಳುತ್ತದೆ, ಟಿಕ್, ಟಿಕ್, ಸೋಲಾರ್ ಬೇಲಿ ಬಿಟ್ಟುಬಿಟ್ಟು ಹೊಡೆಯುವ ಕರೆಂಟು, ಜುಮ್ಮೆನ್ನಿಸುತ್ತದೆ, ಕೊಲ್ಲುವುದಿಲ್ಲ, ಸಾಲಾಗಿರುವ ಲೈನ್‌ಮನೆಗಳ ತೋಟದ ಕೆಲಸದವರು ಆ ಟಿಕ್ ಕೇಳಿಯೇ ದಾಟುವುದು, ಅವರಲ್ಲೊಬ್ಬ ಗುಂಡ, ಹಾಗೇ ನಿಲ್ಲುತ್ತಿದ್ದ, ತಲೆ ಬಲಕ್ಕೆ ವಾಲಿಸಿ, ತಂತಿಗೆ ಹುಲ್ಲು ತಾಗಿದ ಕಡೆ ಕಿವಿ ಕೊಟ್ಟು, ಟಿಕ್ ಇದ್ದರೆ ಗೇಟಿನವರೆಗೆ ಸುತ್ತು, ಇಲ್ಲದಿದ್ದರೆ ತಂತಿ ಎತ್ತಿ ನುಸುಳು. ಆ ಬೆಳಿಗ್ಗೆಯ ಫೈಲು. ಟಿಕ್ ಇಲ್ಲ. ಅದರ ಜಾಗದಲ್ಲಿ ಗುಂಯ್, ಬಿಡುವಿಲ್ಲದ ಗುಂಯ್, ಪರದೆಯಲ್ಲಿ ಮಿಂಚಿನ ಬಾಗಿದ ಗೆರೆಗಳ ಬುಡದಲ್ಲಿ ಒಂದು ನೆಟ್ಟನೆ ಗೆರೆ, ಮನೆಯ ಕರೆಂಟು, ಕಂಬದಿಂದ ನೇರ ಬೇಲಿಗೆ — ಬ್ಯಾಟರಿ ಕೆಟ್ಟಿತ್ತು, ಆನೆ ಬಾಳೆ ಮುರಿದಿತ್ತು, ಅಣ್ಣನಿಗೆ ಸಿಟ್ಟು ನೆತ್ತಿಗೇರಿತ್ತು, ತಂತಿ ಎಳೆದವನು ಯಾರಿಗೂ ಹೇಳಲಿಲ್ಲ, ಟಿಕ್ ಎನ್ನದ ಬೇಲಿ ಆಫ್ ಆಗಿದೆ ಎಂದುಕೊಂಡು ಗುಂಡ ಕೈ ಹಾಕಿದ, ಬಿದ್ದಲ್ಲಿಯೂ ತಲೆ ಬಲಕ್ಕೇ ವಾಲಿತ್ತು.

ಕುಡ್ದಿದ್ದ ಕಣೇ, ಎದೆ ನಿಂತೋಯ್ತು, ಅಣ್ಣ ಡಾಕ್ಟರಿಗೂ ಅದನ್ನೇ ಹೇಳಿದ, ಸುಟ್ಟ ಅಂಗೈಯನ್ನು ಯಾರೂ ತಿರುಗಿಸಿ ನೋಡಲಿಲ್ಲ, ಮಧ್ಯಾಹ್ನಕ್ಕೇ ಮಣ್ಣು, ಆನೆ ಸತ್ತಿದ್ದರೆ ಜೀಪು, ಟಿವಿ, ಕೇಸು, ಗುಂಡ ಸತ್ತರೆ ಲೈನಿನವರಿಗೆ ಅರ್ಧ ದಿನ ರಜೆ — ನನ್ನ ಪಿಎಚ್‌ಡಿ ಗೈಡ್ ಫೋನಿನಲ್ಲಿ ಹೇಳುತ್ತಾರೆ, ಆ ಗುಂಯ್ ಬರೀ ನಾಯ್ಸ್ ಅಮ್ಮಾ, ಫಿಲ್ಟರ್ ಹಾಕಿ ತೆಗೆದುಬಿಡು, ಪೇಪರ್ ಚೆನ್ನಾಗಿ ಬರುತ್ತೆ. ನಾಯ್ಸ್. ಎಷ್ಟು ಸಲೀಸು, ಬಾನಿನ ಸಿಳ್ಳು ವಿಜ್ಞಾನ, ಬೇಲಿಯ ಸಾವು ನಾಯ್ಸ್, ಒಂದು ಬಟನ್ ಒತ್ತಿದರೆ ಗೆರೆ ಮಾಯ, ಅಣ್ಣ ಪಾರು — ಜ್ವರದಲ್ಲಿ ಸುಡುತ್ತಿದ್ದ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಕುಶಾಲನಗರದ ಆಸ್ಪತ್ರೆಗೆ ಓಡಿದ ಅಣ್ಣ, ಆ ಬೆವರಿನ ವಾಸನೆ ಈಗಲೂ ಮೂಗಿನಲ್ಲಿದೆ, ಅದೇ ಕೈ ಕಂಬದ ತಂತಿ ಎಳೆದಿದೆ, ಬೆರಳು ಬಟನ್ನಿನ ಮೇಲಿದೆ, ಕಣದಲ್ಲಿ ಕಾಳಮ್ಮ, ಗುಂಡನ ಹೆಂಡತಿ, ಕಾಲಲ್ಲಿ ಮೆಣಸು ಕೆದರುತ್ತ ಕೆದರುತ್ತ ನಾನು ಕೂತ ಜಗಲಿಯ ಹತ್ತಿರ ಬರುತ್ತಾಳೆ, ಮಣ್ಣು ಮಾಡಿ ವಾರವಾಗಿಲ್ಲ, ಮೆಣಸು ಕಾಯುವುದಿಲ್ಲವಂತೆ, ನಿನ್ನೆ ಕೇಳಿದ್ದನ್ನೇ ಕೇಳುತ್ತಾಳೆ, ಟಿಕ್ ಅನ್ನಲಿಲ್ಲ ಅಂದ್ರೆ ಬೇಲಿ ಆಫು ಅಂತ ತಾನೇ ಅಕ್ಕಾವ್ರೇ, ನಮ್ಮೋರು ಕಿವಿ ಕೊಡ್ದೆ ಕೈ ಹಾಕೋರಲ್ಲ — ಅಲ್ಲ ಕಾಳಮ್ಮ, ಅಲ್ಲ, ಬೆರಳು ಹಿಂದೆ ಬರುತ್ತದೆ, ಈ ಫೈಲು ಹೀಗೇ, ಗುಂಯ್ ಸಮೇತ, ಪೊಲೀಸರಿಗೆ ಹೋಗಬೇಕು, ಅಣ್ಣ ನೋಡುತ್ತಿರುವಾಗಲೇ, ಆದರೆ ಮೊದಲು ಇವಳಿಗೆ, ಹೆಡ್‌ಫೋನ್ ಕಿತ್ತು ಅವಳ ಕಿವಿಗೆ ಇಡುತ್ತೇನೆ, ಗುಂಯ್ ಅಂತೈತೆ, ಟಿಕ್ ಎಲ್ಲಿ, ಅನ್ನುತ್ತಾಳೆ, ಹುಡುಕುತ್ತಾಳೆ, ಮೆಣಸಿನಲ್ಲಿ ಕಾಲು ನಿಲ್ಲುತ್ತದೆ, ಅವಳ ತಲೆ ವಾಲುತ್ತದೆ, ಬಲಕ್ಕೆ, ಗುಂಡ ವಾಲಿಸುತ್ತಿದ್ದ ಹಾಗೇ, ಬೇಲಿಯ ಕಡೆಗೆ, ಕಿವಿ ಕೊಟ್ಟು, ತಲೆ ಬಲಕ್ಕೆ ವಾಲಿ —